ಅಮೆರಿಕಾ ಗಡಿನಾಡಿನ ಹಳೆಯ ರಿವಾಲ್ವರುಗಳು

೧೮೮೧ನೆಯ ಇಸವಿ ಜುಲೈ ೧೪ನೆಯ ತಾರೀಖಿನ ರಾತ್ರಿ, ಅಮೆರಿಕಾದ ನ್ಯೂ ಮೆಕ್ಸಿಕೋ ಪ್ರಾಂತದ ಫೋರ್ಟ್ ಸಮ್ನರ್ ಎಂಬಲ್ಲಿ, ದೀಪವಿಲ್ಲದ ಒಂದು ಮಲಗುವ ಕೋಣೆಯಲ್ಲಿ ಇಬ್ಬರು ಎದುರುಬದುರಾದರು. ಒಬ್ಬನು ಲಿಂಕನ್ ಕೌಂಟಿಯ ಷೆರೀಫನಾದ ಪ್ಯಾಟ್ ಗ್ಯಾರೆಟ್. ಮತ್ತೊಬ್ಬನು ಸೆರೆಮನೆಯಿಂದ ತಪ್ಪಿಸಿಕೊಂಡು ಬಂದಿದ್ದ, 'ಬಿಲ್ಲಿ ದಿ ಕಿಡ್' ಎಂದು ಹೆಸರಾದ ತರುಣ. ಗ್ಯಾರೆಟ್ಟನು ಎರಡು ಸಲ ಗುಂಡು ಹಾರಿಸಿದನು. ಮೊದಲನೆಯ ಗುಂಡಿಗೇ ಕಿಡ್ ಸತ್ತುಬಿದ್ದನು. ಇಷ್ಟು ಕಥೆಯನ್ನು ಚಲಚ್ಚಿತ್ರ ನೋಡುವವರೆಲ್ಲರೂ ಬಲ್ಲರು. ನಮಗೆ ಈ ಹೊತ್ತು ಬೇಕಾಗಿರುವುದು ಆ ಇಬ್ಬರು ಮನುಷ್ಯರಲ್ಲ, ಅವರ ಕೈಯಲ್ಲಿದ್ದ ಎರಡು ಪಿಸ್ತೂಲುಗಳು.

ಗ್ಯಾರೆಟ್ಟನ ಕೈಯಲ್ಲಿದ್ದುದು ಕೋಲ್ಟ್ ಕಂಪೆನಿಯ 'ಸಿಂಗಲ್ ಆಕ್ಷನ್' ರಿವಾಲ್ವರು. ಅದು ೨೦೨೧ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಲಾಸ್ ಏಂಜಲಿಸಿನ ಹರಾಜಿನಲ್ಲಿ ೬೦ ಲಕ್ಷ ಡಾಲರುಗಳಿಗೂ ಮೀರಿದ ಬೆಲೆಗೆ ಮಾರಾಟವಾಯಿತು. ಕಿಡ್ಡನ ಕೈಯಲ್ಲಿದ್ದುದು, ಗ್ಯಾರೆಟ್ಟನೇ ಮಾರನೆಯ ವರ್ಷ ಪ್ರಕಟಿಸಿದ ಗ್ರಂಥದ ಪ್ರಕಾರ, ೪೧ರ ಗಾತ್ರದ 'ಸೆಲ್ಫ್ ಕಾಕರ್', ಎಂದರೆ ತಾನಾಗಿ ಎದ್ದು ಬಡಿಯುವ ಜಾತಿಯ ರಿವಾಲ್ವರು. ಅದು ಹಿಡಿದ ದಾರಿ ಗ್ಯಾರೆಟ್ಟನ ಆಯುಧದ ದಾರಿಯಂತೆ ಬೆಳಕಿನಲ್ಲಿಲ್ಲ. ಆ ಹುಡುಗನ ಕೈಯಲ್ಲಿ ಪಿಸ್ತೂಲೇ ಇರಲಿಲ್ಲ, ಮಾಂಸ ಕೊಯ್ಯುವ ಚೂರಿ ಮಾತ್ರ ಇದ್ದಿತೆಂದು ವಾದಿಸುವವರೂ ಇದ್ದಾರೆ. ಒಂದೇ ಕೋಣೆಯಲ್ಲಿದ್ದ ಎರಡು ಆಯುಧಗಳಲ್ಲಿ ಒಂದಕ್ಕೆ ರಾಜಯೋಗ, ಮತ್ತೊಂದಕ್ಕೆ ಅಜ್ಞಾತವಾಸ ಏಕೆ ಬಂದಿತೆಂಬುದನ್ನು ವಿಚಾರಿಸಿದರೆ, ಹಳೆಯ ವಸ್ತುಗಳು ಇತಿಹಾಸಕ್ಕೆ ಹೇಗೆ ಸಾಕ್ಷಿ ಹೇಳುತ್ತವೆ, ಹೇಗೆ ಸುಳ್ಳುಸಾಕ್ಷಿಯನ್ನೂ ಹೇಳಬಲ್ಲವು ಎಂಬುದು ತಿಳಿಯುವುದು.

ಮೊದಲು ಯಂತ್ರದ ವಿಷಯ. ರಿವಾಲ್ವರಿನಲ್ಲಿ ಐದೋ ಆರೋ ತೋಟಾಗಳನ್ನಿಡುವ, ತಿರುಗುವ ಒಂದು ಉರುಳೆ ಇರುವುದು. ಅದರ ಹಿಂದೆ ತೋಟಾವಿನ ಬೆನ್ನಿಗೆ ಬಡಿಯುವ ಕುದುರೆ. ಕೆಳಗೆ, ತೋರುಬೆರಳಿನಿಂದ ಎಳೆಯುವ ಟ್ರಿಗರು. ಸಿಂಗಲ್ ಆಕ್ಷನ್ ಎಂಬ ಜಾತಿಯಲ್ಲಿ, ಹಾರಿಸುವವನು ಪ್ರತಿಸಲವೂ ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆ ಎಳೆದು ನಿಲ್ಲಿಸಬೇಕು. ಆಗ ಉರುಳೆ ಒಂದು ಮನೆಯಷ್ಟು ತಿರುಗುವುದು. ಟ್ರಿಗರಿಗೆ ಉಳಿದಿರುವುದು ಕುದುರೆಯನ್ನು ಬಿಡುವ ಒಂದೇ ಕೆಲಸ. ಡಬಲ್ ಆಕ್ಷನ್ ಎಂಬ ಜಾತಿಯಲ್ಲಾದರೋ ಟ್ರಿಗರನ್ನು ಎಳೆಯುತ್ತಿರುವಂತೆಯೇ ಕುದುರೆ ಏಳುವುದು, ಉರುಳೆ ತಿರುಗುವುದು, ಎಳೆತ ಮುಗಿದಾಗ ಕುದುರೆ ತಾನೇ ಬೀಳುವುದು. ಬೇಕೆಂದರೆ ಹೆಬ್ಬೆರಳಿನಿಂದಲೂ ಎಬ್ಬಿಸಿ ನಿಲ್ಲಿಸಬಹುದು. ಒಂದು ಬೆರಳಿನ ಎಳೆತಕ್ಕೆ ಇಷ್ಟೆಲ್ಲ ಕೆಲಸವನ್ನು ಹೊರಿಸಿದ ಮೇಲೆ, ಒಳಗೆ ಸಣ್ಣ ಸಣ್ಣ ಕಮಾನುಗಳೂ ಸನ್ನೆಗಳೂ ಹೆಚ್ಚಬೇಕು, ಎಳೆತವೂ ಭಾರವಾಗಬೇಕು. ಭಾರವಾದ ಎಳೆತದಲ್ಲಿ ಗುರಿ ಅಲುಗುವುದು. ಈ ಜಾತಿಯ ಗುಣದೋಷಗಳೆಲ್ಲವೂ ಇಲ್ಲಿಯೇ ಹುಟ್ಟುವುವು.

ಇದನ್ನು ಅಮೆರಿಕನ್ನರು ೧೮೭೭ರಲ್ಲಿ ಕಂಡುಹಿಡಿದರೆಂದು ತಿಳಿಯಬಾರದು. ಈಥನ್ ಆಲೆನ್ ಎಂಬವನು ೧೮೩೭ರಲ್ಲಿಯೇ ಹಕ್ಕುಪತ್ರ ಪಡೆದ 'ಪೆಪ್ಪರ್ ಬಾಕ್ಸ್' ಪಿಸ್ತೂಲು, ನಳಿಗೆಗಳ ಗೊಂಚಲೇ ತಿರುಗುವಂಥದು, ಟ್ರಿಗರಿನ ಎಳೆತದಿಂದಲೇ ನಡೆಯುತ್ತಿದ್ದಿತು. ೧೮೪೯ರಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದವರಲ್ಲಿ ಅನೇಕರು ಇದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಹೋದರು. ಅದರ ಗುರಿ ಎಂಥದೆಂಬುದನ್ನು ತಿಳಿಯಬೇಕಾದವರು ಮಾರ್ಕ್ ಟ್ವೇನನು ೧೮೭೨ರಲ್ಲಿ ಪ್ರಕಟಿಸಿದ 'ರಫಿಂಗ್ ಇಟ್' ಎಂಬ ಪ್ರವಾಸ ಕಥನವನ್ನು ಓದಬಹುದು. ಸಹಪ್ರಯಾಣಿಕನೊಬ್ಬನ ಆಲೆನ್ ಪಿಸ್ತೂಲನ್ನು ಅವನು ಮನಸಾರೆ ಹಾಸ್ಯಮಾಡಿರುವನು. ಇಂಗ್ಲೆಂಡಿನಲ್ಲಿ ರಾಬರ್ಟ್ ಆಡಮ್ಸನು ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ತನ್ನ ಸೆಲ್ಫ್ ಕಾಕರನ್ನು ಇಟ್ಟನು. ಅದೇ ಪ್ರದರ್ಶನದಲ್ಲಿ ಸ್ಯಾಮ್ಯುಅಲ್ ಕೋಲ್ಟನ ಸಿಂಗಲ್ ಆಕ್ಷನ್ನೂ ಇದ್ದಿತು. ಯಾವುದು ಮೇಲೆಂಬ ವಾದ ಅಂದಿನಿಂದಲೂ ನಡೆದುಬಂದಿದೆ. ಕೋಲ್ಟನು ೧೮೬೨ರ ಜನವರಿಯಲ್ಲಿ ತೀರಿಕೊಂಡನು. ಅವನು ಬದುಕಿರುವ ತನಕ ಅವನ ಕಾರ್ಖಾನೆ ಡಬಲ್ ಆಕ್ಷನ್ ರಿವಾಲ್ವರನ್ನು ಮಾರಾಟಕ್ಕೆ ತರಲಿಲ್ಲ.

ಅಮೆರಿಕಾದ ಅಂತರ್ಯುದ್ಧದಲ್ಲಿ ಸ್ಟಾರ್ ಕಂಪೆನಿಯ ಡಬಲ್ ಆಕ್ಷನ್ ರಿವಾಲ್ವರು ಸಾವಿರಗಟ್ಟಲೆಯಾಗಿ ಉತ್ತರದವರ ಸೈನ್ಯಕ್ಕೆ ಹೋಯಿತು. ಆದರೆ ೧೮೬೩ರಲ್ಲಿ ಅದೇ ಕಂಪೆನಿ ಸಿಂಗಲ್ ಆಕ್ಷನ್ ಮಾದರಿಗೆ ಹಿಂತಿರುಗಿತು. ಸೈನ್ಯಕ್ಕೆ ಬೇಕಾಗಿದ್ದುದು ಸರಳವಾದ, ಅಗ್ಗವಾದ ಆಯುಧ. ಮುಂದೆ ಹೋಗಿ ಹಿಂದೆ ಬಂದ ಈ ಒಂದು ಹೆಜ್ಜೆ, ಯಂತ್ರಗಳ ಚರಿತ್ರೆ ಸದಾ ಮೇಲುಮುಖವಾಗಿಯೇ ಏರುವುದೆಂದು ನಂಬಿರುವವರಿಗೆ ನಾವು ತೋರಿಸಲಿಚ್ಛಿಸುವ ಒಂದು ನಿದರ್ಶನ.

ಹೀಗಿರಲು ೧೮೭೭ರಲ್ಲಿ ಕೋಲ್ಟ್ ಕಂಪೆನಿಯವರೇ ತಮ್ಮ ಮೊದಲ ಡಬಲ್ ಆಕ್ಷನ್ ರಿವಾಲ್ವರನ್ನು ಹೊರತಂದರು. ವಿಲಿಯಂ ಮೇಸನ್ ಎಂಬ ಯಂತ್ರಶಿಲ್ಪಿಯ ರಚನೆ ಅದು. ಕೈಯಲ್ಲಿ ಹಿಡಿದರೆ ಹಕ್ಕಿಯ ತಲೆಯಂತೆ ಬಾಗಿದ ಹಿಡಿ, ತೆಳುವಾದ ಮೈ, ಆರು ತೋಟಾ. ಮುಖ್ಯವಾಗಿ ಎರಡು ಗಾತ್ರಗಳಲ್ಲಿ ಬಂದಿತು. ೩೮ರದು ಮತ್ತು ೪೧ರದು. ಮೊದಮೊದಲಿನವುಗಳ ಹಿಡಿಗೆ ಗೀರುಬಲೆ ಕೆತ್ತಿದ ರೋಸ್‌ವುಡ್ ಮರದ ಹಲಗೆ. ಆಮೇಲಿನವಕ್ಕೆ ಕುದುರೆಮರಿಯ ಚಿತ್ರವುಳ್ಳ ಗಟ್ಟಿ ರಬ್ಬರು. ೧೯೦೯ರ ವರೆಗೆ ಒಟ್ಟು ೧,೬೬,೦೦೦ಕ್ಕೆ ಮೇಲ್ಪಟ್ಟು ತಯಾರಾದವು. ಮರುವರ್ಷ, ಎಂದರೆ ೧೮೭೮ರಲ್ಲಿ, ದೊಡ್ಡ ಮೈಯ ಇನ್ನೊಂದು ಮಾದರಿ ಬಂದಿತು. ಸೈನ್ಯದ ೪೫ರ ತೋಟಾವನ್ನೂ ವಿಂಚೆಸ್ಟರ್ ರೈಫಲಿನ ೪೪ರ ತೋಟಾವನ್ನೂ ಹಾರಿಸಲು ಅದು ತಕ್ಕದ್ದಾಗಿದ್ದಿತು. ಹುಲ್ಲುಗಾವಲಿನಲ್ಲಿ ಅಲೆಯುವವನಿಗೆ ರೈಫಲಿಗೂ ಪಿಸ್ತೂಲಿಗೂ ಒಂದೇ ತೋಟಾ ಸಾಕೆಂದರೆ ಎಷ್ಟು ಅನುಕೂಲವೆಂಬುದನ್ನು ಹೇಳಬೇಕಾಗಿಲ್ಲ. ಈ ಮಾದರಿ ೫೧,೦೦೦ದಷ್ಟು ಹೊರಬಂದಿತು. ಸ್ಪ್ರಿಂಗ್‌ಫೀಲ್ಡಿನ ಸ್ಮಿತ್ ಅಂಡ್ ವೆಸ್ಸನ್ ಕಂಪೆನಿಯವರು ೧೮೮೦ರಲ್ಲಿ ಸಣ್ಣ ಗಾತ್ರದವನ್ನೂ ೧೮೮೧ರಲ್ಲಿ ೪೪ರ ಗಾತ್ರದ್ದನ್ನೂ ತಂದರು. ಇವರ ರಿವಾಲ್ವರು ನಡುವೆ ಮುರಿದು ಬಾಗುವುದು. ಬಾಗಿದೊಡನೆ ಸುಟ್ಟ ತೋಟಾಗಳೆಲ್ಲ ಒಮ್ಮೆಗೇ ಹೊರಬೀಳುವುವು. ಮರ್ವಿನ್ ಹಲ್ಬರ್ಟ್ ಎಂಬವರದು ನಳಿಗೆಯನ್ನು ತಿರುಚಿ ಮುಂದಕ್ಕೆಳೆದು ಬಿಚ್ಚುವ ರೀತಿಯದು. ಬೆಲೆ ಕಡಮೆಯ ಇನ್ನೂ ಹಲವು ಹೆಸರುಗಳಿದ್ದರೂ ಅವನ್ನೆಲ್ಲ ಎಣಿಸುತ್ತ ಕೂಡಲು ಸಮಯವಿಲ್ಲ.

ಈಗ ಒಂದು ವಿಚಿತ್ರವನ್ನು ಗಮನಿಸಬೇಕು. ೩೮ರ ಕೋಲ್ಟಿಗೆ 'ಲೈಟ್ನಿಂಗ್', ಎಂದರೆ ಮಿಂಚು, ಎಂದೂ, ೪೧ರದಕ್ಕೆ 'ಥಂಡರರ್', ಎಂದರೆ ಗುಡುಗುವವನು, ಎಂದೂ ಹೆಸರು. ಸಂಗ್ರಾಹಕರೆಲ್ಲರೂ ಈ ಹೆಸರುಗಳನ್ನೇ ಬಳಸುವರು. ಆದರೆ ಕಾರ್ಖಾನೆಯವರು ಇಟ್ಟ ಹೆಸರುಗಳಲ್ಲ ಇವು. ಓಹಯೋ ಸಂಸ್ಥಾನದ ಸಿನ್ಸಿನಾಟಿ ಪಟ್ಟಣದಲ್ಲಿ ಬೆಂಜಮಿನ್ ಕಿಟ್ರೆಜ್ ಎಂಬ ದೊಡ್ಡ ವರ್ತಕನಿದ್ದನು. ಮಿಂಚನ್ನೂ ಗುಡುಗನ್ನೂ ಪೆಟ್ಟಿಗೆಯಲ್ಲಿಟ್ಟು ಮಾರಿದವನು ಅವನೇ. ೧೮೭೩ರ ಸಿಂಗಲ್ ಆಕ್ಷನ್ನಿಗೆ 'ಪೀಸ್ ಮೇಕರ್', ಶಾಂತಿಕಾರಕ, ಎಂಬ ಜಗತ್ಪ್ರಸಿದ್ಧವಾದ ಹೆಸರನ್ನು ಇಟ್ಟವನೂ ಅವನೇ. ಗಡಿನಾಡಿನ ವೀರರ ಬಾಯಿಂದ ಹುಟ್ಟಿತೆಂದು ನಾವು ತಿಳಿದಿದ್ದ ಮಾತು ಅಂಗಡಿಯವನ ಜಾಹೀರಾತಿನಲ್ಲಿ ಹುಟ್ಟಿದುದು. ಕಥೆ ಕಟ್ಟುವ ಕೆಲಸ ಆಯುಧಗಳು ಹೊಸದಾಗಿದ್ದಾಗಲೇ ಮೊದಲಾಗಿದ್ದಿತು. ಹಳೆಯವಾದ ಮೇಲೆ ಕೇಳಬೇಕೆ?

ಇಷ್ಟೊಂದು ಸಂಖ್ಯೆಯಲ್ಲಿ ತಯಾರಾಗಿ ಗಡಿನಾಡಿನ ಊರೂರಿಗೂ ಹೋದ ಈ ರಿವಾಲ್ವರುಗಳು ಜನರ ನೆನಪಿನಿಂದ ಜಾರಿಹೋದುದಕ್ಕೆ ಕಾರಣಗಳುಂಟು. ಒಂದು, ಅವುಗಳ ದುರ್ಬಲತೆ. ೧೮೭೭ರ ಕೋಲ್ಟಿನ ಒಳಗಿನ ಕಮಾನುಗಳು ಬೇಗ ಮುರಿಯುತ್ತಿದ್ದವು. ಸವೆದರೆ ಉರುಳೆ ನಳಿಗೆಯ ನೇರಕ್ಕೆ ನಿಲ್ಲುತ್ತಿರಲಿಲ್ಲ. ಕಮ್ಮಾರಸಾಲೆ ನೂರು ಮೈಲಿ ದೂರವಿರುವ ನಾಡಿನಲ್ಲಿ ಇದು ಸಣ್ಣ ದೋಷವಲ್ಲ. ಬಂದೂಕು ರಿಪೇರಿಯವರು ಇದನ್ನು ತಮ್ಮ ಮುದ್ದಿನ ಪಿಸ್ತೂಲೆಂದು ಕರೆಯುತ್ತಿದ್ದರಂತೆ. ಅವರ ಅನ್ನಕ್ಕೆ ಅದೇ ದಾರಿಯಲ್ಲವೆ! ಎರಡನೆಯದು, ಚಲಚ್ಚಿತ್ರ. ತೆರೆಯ ಮೇಲಿನ ವೀರನ ಸೊಂಟದಲ್ಲಿ ಸಿಂಗಲ್ ಆಕ್ಷನ್ ಕೋಲ್ಟೇ ತೂಗಬೇಕೆಂಬುದು ಒಂದು ಕವಿಸಮಯವಾಗಿ ಹೋಯಿತು. ಮೂರನೆಯದು, ಸೈನ್ಯದ ಅನುಭವ. ೧೮೯೨ರಲ್ಲಿ ಅಮೆರಿಕಾ ಸೈನ್ಯವು ೩೮ರ ಗಾತ್ರದ ಹೊಸ ಡಬಲ್ ಆಕ್ಷನ್ ಕೋಲ್ಟನ್ನು ಅಂಗೀಕರಿಸಿತು. ಫಿಲಿಪೈನ್ ದ್ವೀಪಗಳ ಯುದ್ಧದಲ್ಲಿ ಮೋರೋ ಯೋಧರು ಹಲವು ಗುಂಡುಗಳು ತಾಕಿದರೂ ನಿಲ್ಲದೆ ಮೇಲೆ ಬಿದ್ದರೆಂಬ ದೂರುಗಳು ಬಂದವು. ೧೯೦೪ರಲ್ಲಿ ಥಾಮ್ಸನ್ ಮತ್ತು ಲಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಪರೀಕ್ಷೆ ನಡೆಯಿಸಿ ೪೫ಕ್ಕೆ ಕಡಮೆಯಾಗಬಾರದೆಂದು ಹೇಳಿದರು. ನಿಜವಾಗಿ ಇಲ್ಲಿ ಸೋತುದು ತೋಟಾವಿನ ಗಾತ್ರ, ಡಬಲ್ ಆಕ್ಷನ್ನಿನ ರಚನೆಯಲ್ಲ. ಆದರೂ ಅಪಕೀರ್ತಿ ಇಡೀ ಜಾತಿಗೆ ಅಂಟಿತು.

ಇದೇ ದ್ವೀಪಗಳ ಉಪಯೋಗಕ್ಕಾಗಿ ಸರ್ಕಾರದವರು ೧೮೭೮ರ ಹಳೆಯ ದೊಡ್ಡ ಮಾದರಿಯನ್ನೇ ೧೯೦೨ರಲ್ಲಿ ಸುಮಾರು ೪,೬೦೦ರಷ್ಟು ಮಾಡಿಸಿದರು. ಅದರ ಟ್ರಿಗರು ಬಲು ಉದ್ದ. ಅದನ್ನು ಸುತ್ತಿರುವ ಬಳೆ ಎರಡು ಬೆರಳು ಹಿಡಿಯುವಷ್ಟು ದೊಡ್ಡದು. ಸಂಗ್ರಾಹಕರು ಇದನ್ನು ಬಹುಕಾಲ 'ಅಲಾಸ್ಕನ್' ಎಂದು ಕರೆದರು. ಹಿಮದ ನಾಡಿನಲ್ಲಿ ದಪ್ಪ ಕೈಚೀಲ ತೊಟ್ಟ ಬೆರಳು ಹೊಗಿಸಲೆಂದು ಬಳೆಯನ್ನು ದೊಡ್ಡದು ಮಾಡಿದರೆಂದು ವಿವರಣೆ. ಕೇಳಲು ಎಷ್ಟು ಚೆಂದ! ನಿಜವಾದ ಕಾರಣ ಬೇರೆ. ತೋಟಾ ತಪ್ಪದೆ ಸಿಡಿಯಬೇಕೆಂದು ಒಳಗಿನ ಕಮಾನನ್ನು ಬಲಪಡಿಸಿದರು. ಬಲವಾದ ಕಮಾನನ್ನು ಎಳೆಯಲು ಸನ್ನೆ ಉದ್ದವಾಗಬೇಕಾಯಿತು. ಉಷ್ಣವಲಯದ ಪೋಲೀಸು ದಳಕ್ಕೆ ಹೋದ ಆಯುಧಕ್ಕೆ ಹಿಮದ ಕಥೆ ಅಂಟಿಕೊಂಡಿತು. ವಸ್ತುವನ್ನು ನೋಡಿ ಕಾರಣವನ್ನು ಊಹಿಸುವವರು ಹೇಗೆ ತಪ್ಪುವರೆಂಬುದಕ್ಕೆ ನಮ್ಮ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕದು.

ಇನ್ನು ಸಂಗ್ರಾಹಕರ ವಿಷಯಕ್ಕೆ ಬರೋಣ. ಅಮೆರಿಕಾದಲ್ಲಿ ೧೯೬೮ರ ಶಾಸನವೊಂದು ೧೮೯೮ರಲ್ಲಾಗಲಿ ಅದಕ್ಕೆ ಮುಂಚೆಯಾಗಲಿ ತಯಾರಾದ ಬಂದೂಕನ್ನು ಪುರಾತನ ವಸ್ತುವೆಂದು ಎಣಿಸಿ, ಹೊಸ ಆಯುಧಗಳಿಗೆ ಒಕ್ಕೂಟ ಸರ್ಕಾರ ವಿಧಿಸಿರುವ ಕಟ್ಟುಗಳಿಂದ ಬಿಡುಗಡೆ ಮಾಡಿದೆ. ಆದುದರಿಂದ ತಯಾರಾದ ವರ್ಷವನ್ನು ನಿರ್ಣಯಿಸುವುದು ಬರಿಯ ಪಾಂಡಿತ್ಯವಲ್ಲ, ಕಾನೂನಿನ ಪ್ರಶ್ನೆ. ಸ್ಮಿತ್ ಅಂಡ್ ವೆಸ್ಸನ್ನಿನ ೪೪ರ ಡಬಲ್ ಆಕ್ಷನ್ ೧೯೧೩ರ ತನಕ ಮಾರಾಟವಾದರೂ ಅದರ ಮೈಕಟ್ಟುಗಳೆಲ್ಲ ೧೮೯೯ಕ್ಕೆ ಮುಂಚೆಯೇ ತಯಾರಾಗಿದ್ದುವು. ಆದುದರಿಂದ ಅದರ ಎಲ್ಲ ಪ್ರತಿಗಳೂ ಪುರಾತನವೆಂದೇ ಲೆಕ್ಕ. ಕೋಲ್ಟಿನ ೧೮೭೭ರ ಮಾದರಿಯಾದರೋ ಕ್ರಮಸಂಖ್ಯೆಯನ್ನು ನೋಡಿಯೇ ಹೇಳಬೇಕು.

ಒಳ್ಳೆಯ ಸಂಗ್ರಾಹಕನು ರಿವಾಲ್ವರನ್ನು ಪರೀಕ್ಷಿಸುವ ಕ್ರಮವು ಶಾಸನತಜ್ಞನು ತಾಮ್ರಪಟವನ್ನು ಪರೀಕ್ಷಿಸುವ ಕ್ರಮಕ್ಕೆ ದೂರವಲ್ಲ. ಮೈಕಟ್ಟು, ಟ್ರಿಗರಿನ ಬಳೆ, ಹಿಡಿಯ ಬೆನ್ನುಪಟ್ಟಿ ಇವುಗಳ ಮೇಲಿನ ಸಂಖ್ಯೆಗಳು ಒಂದೇ ಆಗಿವೆಯೋ ಎಂದು ಮೊದಲು ನೋಡುವನು. ಬೇರೆಯಾಗಿದ್ದರೆ ಎರಡು ಮುರುಕುಗಳಿಂದ ಒಂದನ್ನು ಮಾಡಿರುವರೆಂದು ಅರ್ಥ. ಆಮೇಲೆ ಅಂಚುಗಳು. ಹೊಸ ಹೊಳಪಿಗಾಗಿ ಉಜ್ಜಿದ್ದರೆ ಚೂಪಾದ ಅಂಚು ದುಂಡಗಾಗಿರುವುದು, ತಿರುಪಿನ ತೂತುಗಳ ಸುತ್ತ ತಗ್ಗು ಬಿದ್ದಿರುವುದು, ನಳಿಗೆಯ ಮೇಲಿನ ಅಕ್ಷರಗಳು ಮಸಕಾಗಿರುವುವು. ನಿಕ್ಕಲ್ ಲೇಪದ ಸ್ಮಿತ್ ಅಂಡ್ ವೆಸ್ಸನ್ನುಗಳಲ್ಲಿ ಒಂದು ಸೊಗಸಾದ ಗುರುತುಂಟು: ಕಾರ್ಖಾನೆಯವರು ಟ್ರಿಗರಿನ ಬಳೆಗೆ ನಿಕ್ಕಲ್ ಹಾಕದೆ ನೀಲಿಬಣ್ಣವನ್ನೇ ಕೊಡುತ್ತಿದ್ದರು, ಕುದುರೆಯನ್ನೂ ಟ್ರಿಗರನ್ನೂ ಕಾಸಿ ಹದಗೊಳಿಸಿದಾಗ ಬಂದ ಬಣ್ಣದಲ್ಲಿಯೇ ಬಿಡುತ್ತಿದ್ದರು. ಇವೂ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಆಮೇಲೆ ಯಾವನೋ ಮುಳುಗಿಸಿದ ಲೇಪವೆಂದು ಹಿಡಿಯಬಹುದು. ಮೋಸ ಮಾಡುವವನು ಅತಿಯಾಗಿ ಹೊಳಪು ಕೊಟ್ಟು ಸಿಕ್ಕಿಬೀಳುವನು.

ಇದಾದ ಮೇಲೆ ಕಾಗದ. ಹಳೆಯ ಕಂಪೆನಿಗಳ ರವಾನೆ ಪುಸ್ತಕಗಳು ಬಹುಮಟ್ಟಿಗೆ ಉಳಿದಿವೆ. ಕ್ರಮಸಂಖ್ಯೆಯನ್ನು ಕೊಟ್ಟು ಶುಲ್ಕ ಸಲ್ಲಿಸಿದರೆ, ಆ ಸಂಖ್ಯೆಯ ರಿವಾಲ್ವರು ಯಾವ ದಿನ, ಯಾವ ಗಾತ್ರ, ಯಾವ ಲೇಪ, ಯಾವ ಹಿಡಿಯೊಡನೆ ಹೊರಟಿತು, ಯಾರಿಗೆ ಹೋಯಿತೆಂಬುದನ್ನು ಬರೆದ ಒಂದು ಪತ್ರ ಬರುವುದು. ಸಂಗ್ರಾಹಕನಿಗೆ ಈ ಪತ್ರ ಜಾತಕವಿದ್ದಂತೆ. ಆದರೆ ಅದರ ಕೊನೆಯ ಸಾಲನ್ನು ಗಮನವಿಟ್ಟು ಓದಬೇಕು. ಬಹುಪಾಲು ಪತ್ರಗಳಲ್ಲಿ, ಇಂತಿಷ್ಟು ರಿವಾಲ್ವರುಗಳ ಒಂದು ಪೆಟ್ಟಿಗೆ ನ್ಯೂಯಾರ್ಕಿನದೋ ಸೇಂಟ್ ಲೂಯಿಯದೋ ಸಿನ್ಸಿನಾಟಿಯದೋ ಸಗಟು ವರ್ತಕರಿಗೆ ಹೋಯಿತೆಂದಷ್ಟೆ ಇರುವುದು. ಜಾತಕ ವರ್ತಕನ ಬಾಗಿಲಲ್ಲಿ ನಿಲ್ಲುವುದು. ಆ ಬಾಗಿಲಿನಿಂದ ಆಚೆಗೆ ಅದನ್ನು ಕೊಂಡವನು ಕಳ್ಳನೋ, ಕಾವಲುಗಾರನೋ, ರೈಲ್ವೆ ಗುಮಾಸ್ತನೋ, ಸೂರೆಯಾಗುವುದೆಂದು ಹೆದರಿದ ವಿಧವೆಯೋ, ಪುಸ್ತಕಕ್ಕೆ ಗೊತ್ತಿಲ್ಲ. ಕಥೆಗಾರನು ಹೊಗುವುದು ಈ ಖಾಲಿ ಜಾಗದಲ್ಲಿಯೇ.

ಅಜ್ಜನ ಮಾತೊಂದು, ಪ್ರಮಾಣಪತ್ರವೊಂದು, ಹಿಡಿಯ ಮೇಲೆ ಕೊರೆದ ಎರಡಕ್ಷರ: ಇಷ್ಟಿದ್ದರೆ ನೂರಾರು ಡಾಲರಿನ ಪಿಸ್ತೂಲು ಸಾವಿರಾರು ಡಾಲರಿನದಾಗುವುದು. ಹೆಸರುಗಳು ಸಾವಿರವಿದ್ದರೂ ಹಿಂದಿರುವ ಪ್ರಲೋಭನೆ ಒಂದೇ. ನಮ್ಮ ಕನ್ನಡ ನಾಡಿನ ಇತಿಹಾಸಜ್ಞರಿಗೆ ಇದು ಹೊಸ ವ್ಯಾಧಿಯಲ್ಲ. ಗಂಗರ ತಾಮ್ರಶಾಸನಗಳಲ್ಲಿ ಎಷ್ಟೋ ಕೂಟಶಾಸನಗಳೆಂದು ಫ್ಲೀಟರು ಹೇಳಿದುದೂ, ಮೈಸೂರಿನ ರೈಸರು ಅದನ್ನು ಒಪ್ಪದೆ ವಾದಿಸಿದುದೂ ಪ್ರಸಿದ್ಧವಾಗಿದೆ. ಭೂಮಿಯ ಹಕ್ಕಿಗಾಗಿ ಹಳೆಯ ಅರಸನ ಹೆಸರನ್ನು ತಗಡಿನ ಮೇಲೆ ಕೊರೆದವನಿಗೂ, ಬೆಲೆಗಾಗಿ ಹಳೆಯ ಡಕಾಯಿತನ ಹೆಸರನ್ನು ಉಕ್ಕಿನ ಮೇಲೆ ಕೊರೆದವನಿಗೂ ವಿದ್ಯೆ ಒಂದೇ.

ಹಾಗಾದರೆ ವಸ್ತು ಮೂಕವೇ? ಅಲ್ಲ. ಕೇಳುವ ಪ್ರಶ್ನೆ ಸರಿಯಾಗಿರಬೇಕು. ೧೮೭೬ರ ಜೂನ್ ೨೫ರಂದು ಮಾಂಟಾನಾದ ಲಿಟಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ, ಷೈಯೆನ್ ಮೊದಲಾದ ಮೂಲನಿವಾಸಿ ಯೋಧರು ಕಸ್ಟರನನ್ನೂ ಅವನೊಡನಿದ್ದ ದಳವನ್ನೂ ನಿರ್ನಾಮ ಮಾಡಿದರು. ಅಂದು ಕಸ್ಟರನು ಸೈನ್ಯದ ಸಿಂಗಲ್ ಆಕ್ಷನ್ನನ್ನು ಬಿಟ್ಟು ಬಿಳಿಯ ಹಿಡಿಯ ಎರಡು ಇಂಗ್ಲಿಷ್ ಸೆಲ್ಫ್ ಕಾಕರ್ ಪಿಸ್ತೂಲುಗಳನ್ನು ಧರಿಸಿದ್ದನೆಂದು ಅದೇ ರೆಜಿಮೆಂಟಿನಲ್ಲಿದ್ದ ಗಾಡ್‌ಫ್ರಿ ಎಂಬ ಅಧಿಕಾರಿ ಬರೆದಿರುವನು. ಅವು ಯಾವ ಕಾರ್ಖಾನೆಯವೆಂಬುದರ ಬಗ್ಗೆ ಸಂಗ್ರಾಹಕರು ಇಂದಿಗೂ ಜಗಳವಾಡುವರು. ಆ ಜಗಳ ಹಾಗಿರಲಿ. ೧೯೮೩ರಲ್ಲಿ ಆ ಬಯಲಿನ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬತ್ತಲೆಯಾಯಿತು. ಮರುವರ್ಷದಿಂದ ಪುರಾತತ್ತ್ವಜ್ಞರು ಲೋಹಶೋಧಕ ಯಂತ್ರಗಳನ್ನು ಹಿಡಿದು ಇಡೀ ಬಯಲನ್ನು ಶೋಧಿಸಿ, ಒಂದೊಂದು ತೋಟಾದ ಚಿಪ್ಪೂ ಒಂದೊಂದು ಗುಂಡೂ ಬಿದ್ದಿದ್ದ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿದರು. ಕುದುರೆಯ ಮೊಳೆ ತೋಟಾವಿನ ಬೆನ್ನಿನ ಮೇಲೆ ಒತ್ತುವ ಗುರುತು ಬಂದೂಕಿನಿಂದ ಬಂದೂಕಿಗೆ ಬೇರೆ. ನಮ್ಮ ಹೆಬ್ಬೆಟ್ಟಿನ ಗುರುತಿನಂತೆ. ಪೋಲೀಸು ಶಾಸ್ತ್ರದ ಈ ಉಪಾಯವನ್ನು ಹಿಡಿದು, ಒಂದೇ ಬಂದೂಕು ಬಯಲಿನ ಯಾವ ಕಡೆಯಿಂದ ಯಾವ ಕಡೆಗೆ ಸರಿಯಿತೆಂಬುದನ್ನು ಅವರು ಹಿಂಬಾಲಿಸಿದರು. ಯೋಧರಲ್ಲಿ ಅನೇಕರ ಕೈಯಲ್ಲಿ ಸೈನಿಕರ ಒಂಟಿ ತೋಟಾದ ಕಾರ್ಬೈನಿಗಿಂತ ಬೇಗ ಹಾರುವ ಹೆನ್ರಿ, ವಿಂಚೆಸ್ಟರ್ ರೈಫಲುಗಳಿದ್ದುದು ಹೀಗೆ ಖಚಿತವಾಯಿತು. ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ಆಯುಧ ಹೇಳದ ಸಂಗತಿಯನ್ನು ಮಣ್ಣಿನಲ್ಲಿ ಕಿಲುಬು ಹಿಡಿದು ಬಿದ್ದಿದ್ದ ಚಿಪ್ಪುಗಳು ಹೇಳಿದವು. ಏಕೆಂದರೆ ಅವು ಬಿದ್ದ ಜಾಗದಲ್ಲಿಯೇ ಇದ್ದುವು.

ಬಿದ್ದ ಜಾಗವನ್ನು ಕಳೆದುಕೊಂಡ ಡಬಲ್ ಆಕ್ಷನ್ ರಿವಾಲ್ವರುಗಳೂ ಗುಂಪಾಗಿ ನಿಂತರೆ ಒಂದು ಮಾತು ಹೇಳಬಲ್ಲವೆಂದು ನಮ್ಮ ಭಾವನೆ. ಗಡಿನಾಡಿನ ಪಟ್ಟಣಗಳಲ್ಲಿ ಆಯುಧ ಧರಿಸಿ ತಿರುಗುವುದು ಎಲ್ಲರ ಹಕ್ಕಾಗಿತ್ತೆಂದು ಚಲಚ್ಚಿತ್ರ ಹೇಳುವುದು. ಅರಿಜೋನಾದ ಟೂಮ್‌ಸ್ಟೋನ್ ಪಟ್ಟಣದಲ್ಲಿ ೧೮೮೧ರ ಏಪ್ರಿಲಿನಲ್ಲಿಯೇ ಊರೊಳಗೆ ಆಯುಧ ಧರಿಸಕೂಡದೆಂದು ಕಟ್ಟಳೆಯಾಗಿದ್ದಿತು. ಅದೇ ವರ್ಷ ಅಕ್ಟೋಬರಿನಲ್ಲಿ ನಡೆದ ಪ್ರಸಿದ್ಧವಾದ ಕಾಳಗವೂ ಆ ಕಟ್ಟಳೆಯಂತೆ ಆಯುಧ ಕಸಿಯಹೋದುದರಿಂದಲೇ ಹತ್ತಿತು. ಕ್ಯಾನ್ಸಾಸಿನ ಡಾಡ್ಜ್ ಸಿಟಿಯಲ್ಲಿಯೂ ಇಂಥ ನಿಷೇಧವಿದ್ದಿತು. ಇಂಥ ಊರಿನಲ್ಲಿ ಬದುಕುವ ಅಂಗಡಿಯವನಿಗೆ ಸೊಂಟದಲ್ಲಿ ತೂಗುವ ಏಳೂವರೆ ಅಂಗುಲದ ನಳಿಗೆ ಏಕೆ? ಅವನಿಗೆ ಬೇಕಾದುದು ಕೋಟಿನ ಜೇಬಿಗೆ ಹೊಗುವ, ಗಲ್ಲಾಪೆಟ್ಟಿಗೆಯ ಖಾನೆಯಲ್ಲಿ ಮಲಗುವ, ಗಾಬರಿಯಲ್ಲಿ ಹೆಬ್ಬೆರಳಿನ ನೆನಪಿಲ್ಲದಿದ್ದರೂ ಹಾರುವ ಗಿಡ್ಡ ಡಬಲ್ ಆಕ್ಷನ್. ಇಂದು ಹೊಸದರಂತೆ ಉಳಿದಿರುವ ಎಷ್ಟೋ ರಿವಾಲ್ವರುಗಳು ಹಾಗೆ ಉಳಿದಿರುವುದು ಯಾರೂ ಅವನ್ನು ಹಾರಿಸದೆ ಇದ್ದುದರಿಂದ. ಕಮಾನು ಮುರಿಯಬೇಕಾದರೂ ಟ್ರಿಗರನ್ನು ಎಳೆಯಬೇಕಲ್ಲ! ಗಡಿನಾಡಿನ ದಿನಬಳಕೆಯ ಭಯ, ದಿನಬಳಕೆಯ ಶಾಂತಿ, ಈ ಎರಡನ್ನೂ ಅವು ಹೇಳುವುವು. ವೀರನ ಹೆಸರಿಲ್ಲವೆಂದು ಅವುಗಳ ಬೆಲೆ ಕಡಮೆ. ಇತಿಹಾಸದ ವಿದ್ಯಾರ್ಥಿಯಾದವನು ಹೆಸರಿಲ್ಲದವನ್ನೇ ಕೊಳ್ಳುವುದು ಲೇಸೆಂದು ನಾವು ಹೇಳುವೆವು. ನಮ್ಮಲ್ಲಿ ಕೊಳ್ಳುವ ಹಣವಿಲ್ಲವೆಂಬುದು ಬೇರೆ ಮಾತು.

ಅಮೆರಿಕಾದ ಜನಗಣತಿಯವರು ೧೮೯೦ರಲ್ಲಿ, ಇನ್ನು ಗಡಿನಾಡಿನ ಗೆರೆ ಎಂದು ತೋರಿಸಬಹುದಾದುದು ಉಳಿದಿಲ್ಲವೆಂದು ಬರೆದರು. ೧೮೯೩ರಲ್ಲಿ ಟರ್ನರ್ ಎಂಬ ತರುಣ ಇತಿಹಾಸಕಾರನು ಷಿಕಾಗೋ ನಗರದಲ್ಲಿ ಆ ಮಾತನ್ನೇ ಹಿಡಿದು ತನ್ನ ಪ್ರಸಿದ್ಧ ಪ್ರಬಂಧವನ್ನು ಓದಿದನು. ಆಮೇಲೆಯೂ ಹದಿನಾರು ವರ್ಷ ಕೋಲ್ಟ್ ಕಾರ್ಖಾನೆಯವರು ಮಿಂಚು ಗುಡುಗುಗಳನ್ನು ತಯಾರಿಸುತ್ತಲೇ ಇದ್ದರು. ಗಡಿನಾಡು ಮುಗಿದ ಮೇಲೆ ಹುಟ್ಟಿದ ಪಿಸ್ತೂಲಿಗೂ ಇಂದು ಗಡಿನಾಡಿನದೆಂಬ ಚೀಟಿ ಅಂಟುವುದುಂಟು.

ಮೊದಲಲ್ಲಿ ಹೇಳಿದ ಗ್ಯಾರೆಟ್ಟನ ರಿವಾಲ್ವರಿಗೆ ಅಷ್ಟು ಬೆಲೆ ಬಂದುದೇಕೆಂಬುದನ್ನು ಈಗ ಹೇಳಬಹುದು. ಅವನು ೧೯೦೮ರಲ್ಲಿ ಕೊಲೆಯಾದನು. ಅವನ ಆಯುಧ ಟೆಕ್ಸಾಸಿನ ಎಲ್ ಪ್ಯಾಸೋ ಪಟ್ಟಣದ ಒಂದು ಮದ್ಯದಂಗಡಿಯಲ್ಲಿ ಪ್ರದರ್ಶನಕ್ಕಿದ್ದಿತು. ಅಂಗಡಿಯವನೂ ಸತ್ತ ಮೇಲೆ, ೧೯೩೦ರ ದಶಕದಲ್ಲಿ, ಗ್ಯಾರೆಟ್ಟನ ವಿಧವೆಯಾದ ಅಪೊಲಿನಾರಿಯಾ ಆ ಪಿಸ್ತೂಲು ತನ್ನ ಗಂಡನದು, ಅದನ್ನು ತೋರಿಸುವುದಕ್ಕೆ ಕೊಟ್ಟಿದ್ದನೇ ಹೊರತು ಮಾರಿರಲಿಲ್ಲ ಎಂದು ನ್ಯಾಯಸ್ಥಾನದಲ್ಲಿ ದಾವೆ ಹೂಡಿ ಗೆದ್ದಳು. ಸಾಕ್ಷಿಗಳನ್ನು ವಿಚಾರಿಸಿ ನ್ಯಾಯಾಧೀಶರು ಬರೆದ ತೀರ್ಪು ಆ ಆಯುಧದ ಬೆನ್ನಿಗಿದೆ. ಮುದುಕಿಯೊಬ್ಬಳ ಹಟ ಇಲ್ಲದಿದ್ದರೆ ಅದೂ ಕಿಡ್ಡನ ಪಿಸ್ತೂಲಿನ ಹಾದಿಯನ್ನೇ ಹಿಡಿಯುತ್ತಿದ್ದಿತೋ ಏನೋ.

ಡಬಲ್ ಆಕ್ಷನ್ ರಿವಾಲ್ವರುಗಳಲ್ಲಿ ಇಷ್ಟು ಸ್ಪಷ್ಟವಾದ ಸಾಕ್ಷ್ಯವುಳ್ಳುದು ಒಂದುಂಟು. ಯೌವನದಲ್ಲಿ ಡಕೋಟಾ ಪ್ರಾಂತದಲ್ಲಿ ದನಗಳನ್ನು ಮೇಯಿಸುತ್ತ ಗಡಿನಾಡಿನ ಕೊನೆಯ ದಿನಗಳನ್ನು ಕಂಡಿದ್ದ ಥಿಯೊಡೋರ್ ರೂಸ್‌ವೆಲ್ಟನು ೧೮೯೮ರ ಜುಲೈ ೧ರಂದು ಕ್ಯೂಬಾದ ಸ್ಯಾನ್ ವಾನ್ ಬೆಟ್ಟವನ್ನು ಹತ್ತುವಾಗ ಹಿಡಿದಿದ್ದ ೩೮ರ ಕೋಲ್ಟ್ ಅದು. ಆ ವರ್ಷ ಫೆಬ್ರವರಿಯಲ್ಲಿ ಹವಾನಾ ಬಂದರಿನಲ್ಲಿ ಸಿಡಿದು ಮುಳುಗಿದ 'ಮೇಯ್ನ್' ಎಂಬ ಯುದ್ಧನೌಕೆಯಿಂದ ಅದನ್ನು ಮೇಲೆತ್ತಿದ್ದರು. ನೌಕಾಧಿಕಾರಿಯಾಗಿದ್ದ ಅವನ ಭಾವಮೈದುನನು ಅದನ್ನು ಅವನಿಗೆ ಕೊಟ್ಟನು. ಮೇಯ್ನ್ ನೌಕೆಯ ಸಂಗತಿಯನ್ನೂ ಸ್ಯಾನ್ ವಾನ್ ಸಂಗತಿಯನ್ನೂ ಆಯುಧದ ಮೇಲೆಯೇ ಕೆತ್ತಿಸಲಾಗಿದೆ. ಮುಳುಗಿದ ಹಡಗು, ಮುಂದೆ ಅಧ್ಯಕ್ಷನಾದವನ ಕೈ, ಮೈಮೇಲೆ ಬರಹ, ಇನ್ನೇನು ಬೇಕು? ಆದರೂ ನ್ಯೂಯಾರ್ಕ್ ಬಳಿಯ ಸ್ಯಾಗಮೋರ್ ಹಿಲ್ಲಿನಲ್ಲಿರುವ ಅವನ ಮನೆಯ ಆವರಣದಿಂದ ಇದನ್ನು ಎರಡು ಸಲ ಕದ್ದರು. ೧೯೬೩ರಲ್ಲಿ ಕದ್ದವನು ಹತ್ತಿರದ ಕಾಡಿನಲ್ಲಿಯೇ ಬಿಸುಟುಹೋದನು. ೧೯೯೦ರಲ್ಲಿ ಕಳುವಾದುದು ಹದಿನಾರು ವರ್ಷ ಕಣ್ಮರೆಯಾಗಿದ್ದಿತು. ೨೦೦೬ರಲ್ಲಿ ಅದು ಮರಳಿ ದೊರೆತಾಗ, ಆ ಬರಹವಿದ್ದುದರಿಂದ, ಅದೇ ಇದು ಎಂದು ಹೇಳಲು ಯಾರಿಗೂ ಕಷ್ಟವಾಗಲಿಲ್ಲ.